ಅಪ್ಪನಂಥ ಜಡ್ಜು, ವಕೀಲರಿಲ್ಲದ ಹುಡುಗ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮ ಹಳ್ಳಿ ಕಡೆ ಹೇಳದ ಹಿರಿಯರಿಲ್ಲ. 1899ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಕೋರ್ಟು ಶುರುವಾದಾಗ ಅದರ ಹಿಂದಿದ್ದದ್ದೂ ಹೆಚ್ಚುಕಮ್ಮಿ ಇದೇ ನಂಬಿಕೆ. ತಪ್ಪು ಮಾಡಿದ ಹುಡುಗನನ್ನು ದೊಡ್ಡ ಕೈದಿಗಳ ಜೊತೆ ಕೂಡಿಹಾಕಿದರೆ ಇನ್ನಷ್ಟು ಕೆಡ್ತಾನೆ. ಅದರ ಬದಲು ಜಡ್ಜು ಅಪ್ಪನ ಹಾಗೆ ಕೂರಿಸಿಕೊಂಡು ತಿದ್ದಲಿ. ಇದು ಶಿಕ್ಷೆಯಲ್ಲ, ಆರೈಕೆ. ಆರೈಕೆಗೆ ವಕೀಲರು ಯಾಕೆ? ಪಾಟೀಸವಾಲು ಯಾಕೆ? ಹೀಗೆ ಒಂದೊಂದೇ ಹಕ್ಕು ಕಳಚಿ ಬಿತ್ತು.

ಅದರ ಫಲ ಏನಾಯ್ತು ಅಂತ ನೋಡೋಕೆ 1964ರ ಅರಿಜೋನಾಗೆ ಬನ್ನಿ.

ಗೆರಾಲ್ಡ್ ಗಾಲ್ಟ್‌ಗೆ ಆಗ 15 ವರ್ಷ. ನೆರೆಮನೆಯ ಹೆಂಗಸಿಗೆ ಫೋನಿನಲ್ಲಿ ಅಸಭ್ಯವಾಗಿ ಮಾತಾಡಿದ ಅನ್ನೋದು ದೂರು. ಜೂನ್ 8ರಂದು ಅವನನ್ನು ಹಿಡಿದುಕೊಂಡು ಹೋದಾಗ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅವರಿಗೆ ಒಂದು ಚೀಟಿಯನ್ನೂ ಬಿಟ್ಟಿರಲಿಲ್ಲ. ವಿಚಾರಣೆಯಲ್ಲಿ ಹುಡುಗನ ಪರ ವಕೀಲರಿಲ್ಲ. ದೂರು ಕೊಟ್ಟಾಕೆ ಬರಲೇ ಇಲ್ಲ. ಆಕೆಯನ್ನು ಕರೆಸಿ ಅಂತ ತಾಯಿ ಕೇಳಿದರೆ, ಅದರ ಅಗತ್ಯವಿಲ್ಲ ಅಂದರು ಜಡ್ಜು. ಯಾರು ಏನು ಹೇಳಿದರು ಅನ್ನೋದು ದಾಖಲಾಗಲೂ ಇಲ್ಲ. ಲಾಗ್ ಇಲ್ಲದ ಸಿಸ್ಟಮ್‌ನಲ್ಲಿ ತಪ್ಪು ಎಲ್ಲಾಯ್ತು ಅಂತ ಹುಡುಕೋದು ಹೇಗೆ? ಇಂಥ ಕೇಸುಗಳಲ್ಲಿ ಮೇಲ್ಮನವಿಗೂ ಅಲ್ಲಿನ ಕಾನೂನು ಜಾಗ ಕೊಟ್ಟಿರಲಿಲ್ಲ.

ಕೊನೆಗೆ ಆದೇಶ ಬಂತು: 21 ತುಂಬುವವರೆಗೂ ಸರ್ಕಾರಿ ಸುಧಾರಣಾ ಶಾಲೆಯಲ್ಲಿ ಇಡಬಹುದು. ಅಂದರೆ ಸುಮಾರು ಆರು ವರ್ಷ. ಇದೇ ತಪ್ಪನ್ನು ದೊಡ್ಡವರು ಮಾಡಿದ್ದರೆ 5ರಿಂದ 50 ಡಾಲರ್ ದಂಡ, ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳು ಜೈಲು!

ತಂದೆತಾಯಿ ಸುಮ್ಮನೆ ಕೂರಲಿಲ್ಲ. ಮಗನನ್ನು ಹಿಡಿದಿಟ್ಟಿರೋದೇ ಅಕ್ರಮ ಅಂತ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ, ಸುಪ್ರೀಂ ಕೋರ್ಟ್‌ವರೆಗೂ ಹೋದರು. 1967ರ ಮೇ 15ರಂದು ತೀರ್ಪು ಬಂತು. ಅದನ್ನು ಬರೆದವರು ನ್ಯಾಯಮೂರ್ತಿ ಏಬ್ ಫೋರ್ಟಾಸ್. ಆರೋಪ ಏನು ಅಂತ ಮುಂಚೆಯೇ ತಿಳಿಸಬೇಕು. ವಕೀಲರು ಇರಬೇಕು, ದುಡ್ಡಿಲ್ಲದಿದ್ದರೆ ಕೋರ್ಟೇ ನೇಮಿಸಬೇಕು. ಸಾಕ್ಷಿಯನ್ನು ಪ್ರಶ್ನಿಸಲು ಬಿಡಬೇಕು. ತನ್ನ ವಿರುದ್ಧ ತಾನೇ ಹೇಳಿಕೆ ಕೊಡದೆ ಸುಮ್ಮನಿರುವ ಹಕ್ಕೂ ಹುಡುಗನಿಗಿದೆ. ಮಕ್ಕಳ ಕೋರ್ಟುಗಳು ಮುಚ್ಚಲಿಲ್ಲ. ಬಾಗಿಲಲ್ಲೇ ಕಿತ್ತುಕೊಳ್ತಿದ್ದ ಹಕ್ಕುಗಳನ್ನು ವಾಪಸ್ ಕೊಡಬೇಕಾಯ್ತು.

ಬಾಲಾಪರಾಧಿಗಳ ವಿಷಯ ಬಂದಾಗಲೆಲ್ಲ ನಾವು ಶಿಕ್ಷೆ ಜಾಸ್ತಿಯಾಯ್ತಾ, ಕಮ್ಮಿಯಾಯ್ತಾ ಅಂತಲೇ ಜಗಳ ಆಡ್ತೀವಿ. ಹುಡುಗ ನಿಜಕ್ಕೂ ಆ ತಪ್ಪು ಮಾಡಿದ್ದಾನಾ ಅಂತ ಸರಿಯಾಗಿ ವಿಚಾರಿಸಿದರಾ ಅನ್ನೋ ಪ್ರಶ್ನೆ ಹಿಂದೆ ಬೀಳುತ್ತೆ. ಗಾಲ್ಟ್ ವಿಷಯದಲ್ಲಿ ದೇಶದ ದೊಡ್ಡ ಕೋರ್ಟು ಅದನ್ನು ಕೇಳೋ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಹುಡುಗನಿಗೆ 18 ಆಗಿತ್ತು.