ಸಿಬಿಸಿ ವರದಿಯೊಳಗಿನ ಒಂದು ಭಾಗಾಕಾರ

ಕುಕ್ಕುವಾಡದಿಂದಲೋ ಹರಿಹರದಿಂದಲೋ ಕೆಮ್ಮು, ಎದೆನೋವು ಅಂತ ದಾವಣಗೆರೆಯ ಆಸ್ಪತ್ರೆಗೆ ಬಂದವರಿಗೆ ಎಕ್ಸ್‌ರೇ ಜೊತೆ ರಕ್ತ ಪರೀಕ್ಷೆಗೂ ಬರೆಯುತ್ತಾರೆ. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ, ಮಾಡುತ್ತಾರೆ. ವರದಿ ಕೈಗೆ ಬಂದಾಗ ನಾವು ಹಿಮೋಗ್ಲೋಬಿನ್ ಎಷ್ಟಿದೆ ನೋಡಿ ಮಡಿಚಿಡುತ್ತೇವೆ. ಅದೇ ಹಾಳೆಯಲ್ಲಿ ಬಿಳಿ ರಕ್ತಕಣಗಳಲ್ಲಿ ಯಾವ ಬಗೆಯವು ಎಷ್ಟು ಎಂಬ ಡಿಫರೆನ್ಷಿಯಲ್ ಕೌಂಟ್ ಇರುತ್ತದೆ. ನ್ಯೂಟ್ರೋಫಿಲ್ ಶೇ 78, ಲಿಂಫೋಸೈಟ್ ಶೇ 13 ಅಂದುಕೊಳ್ಳಿ. ಭಾಗಿಸಿದರೆ 6. ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲಿ ಈ ಅನುಪಾತ ಏರಿದ್ದರೆ ರೋಗದ ಹಾದಿ ಕಠಿಣ ಎಂಬುದು ಅಧ್ಯಯನದಿಂದ ಅಧ್ಯಯನಕ್ಕೆ ಗಟ್ಟಿಯಾಗುತ್ತ ಬಂದಿದೆ.

ಗಡ್ಡೆಯೊಳಗೆ ಬಿಳಿ ರಕ್ತಕಣಗಳನ್ನು ಕಂಡು, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಖೋ 1863ರಲ್ಲೇ ಊಹಿಸಿದ್ದ. ಅದು ಹಾಸಿಗೆ ಪಕ್ಕದ ಲೆಕ್ಕಾಚಾರವಾಗಲು ಹೆಚ್ಚುಕಡಿಮೆ ನೂರನಲವತ್ತು ವರ್ಷ ಹಿಡಿಯಿತು. 2001ರಲ್ಲಿ ಸ್ಲೊವಾಕಿಯಾದ ಝಹೊರೆಕ್ ಈ ಅನುಪಾತವನ್ನು ಮುಂದಿಟ್ಟದ್ದು ಐಸಿಯು ರೋಗಿಗಳಿಗಾಗಿ. 2003ರಲ್ಲಿ ಗ್ಲಾಸ್ಗೋದ ವೈದ್ಯರು ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ 161 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಮತ್ತು ರಕ್ತದ ಪ್ರೋಟೀನ್ ಆದ ಅಲ್ಬುಮಿನ್ ಎರಡನ್ನೇ ಹಿಡಿದು 0, 1, 2 ಅಂತ ಅಂಕ ಕೊಟ್ಟರು. ಉರಿಯೂತ ಏರಿ ಅಲ್ಬುಮಿನ್ ಇಳಿದವರಿಗೆ 2. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಸರಳ, ಅತಿ ಉಪಯುಕ್ತ ಕೆಲಸ ಇದೇ.

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎತ್ತಿಕಟ್ಟುವ ಇಮ್ಯುನೊಥೆರಪಿ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಲಕ್ಷಗಟ್ಟಲೆ ಖರ್ಚಿನ ಔಷಧ ಯಾರಿಗೆ ನಾಟುತ್ತದೆ? 2018ರಲ್ಲಿ ಪ್ಯಾರಿಸ್ ಬಳಿಯ ಗುಸ್ತಾವ್ ರೂಸಿ ಸಂಸ್ಥೆಯ ಲಾರಾ ಮೆಜ್ಕಿಟಾ ತಂಡ ನ್ಯೂಟ್ರೋಫಿಲ್ ಅನುಪಾತಕ್ಕೆ ಎಲ್‌ಡಿಎಚ್ ಎಂಬ ಕಿಣ್ವದ ಮಟ್ಟವನ್ನೂ ಸೇರಿಸಿ 'ಲಿಪಿ' ಎಂಬ ಸೂಚ್ಯಂಕ ಮಾಡಿತು. ಎರಡೂ ಸರಿಯಿದ್ದವರಿಗೂ ಎರಡೂ ಏರಿದ್ದವರಿಗೂ ಬದುಕುಳಿದ ಅವಧಿಯಲ್ಲಿ ಅಜಗಜಾಂತರ. ಇದು ಇಮ್ಯುನೊಥೆರಪಿಗೇ ಮೀಸಲಾದ ಸೂಚಕ ಎಂದು ಮೊದಲಿಗೆ ಅನ್ನಿಸಿತ್ತು. ಮರುವರ್ಷ ಅಮೆರಿಕದ ಎಫ್‌ಡಿಎ ಹಲವು ಟ್ರಯಲ್‌ಗಳ ರೋಗಿಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ ಕಿಮೊ ಪಡೆದವರಲ್ಲೂ ಅದೇ ಕಥೆ. ಅಂದರೆ ಅಂಕಿ ಹೇಳುತ್ತಿದ್ದುದು ದೇಹ ಎಷ್ಟು ಸೋತಿದೆ ಎಂಬುದನ್ನು, ಯಾವ ಔಷಧ ಹಿಡಿಸುತ್ತದೆ ಎಂಬುದನ್ನಲ್ಲ. ಈ ವ್ಯತ್ಯಾಸವನ್ನು ಮರೆಮಾಚಿ ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ.

ಔಷಧದ ಪರಿಣಾಮವನ್ನೇ ರಕ್ತದಲ್ಲಿ ಹಿಡಿಯಲು ಹೊರಟವರಲ್ಲಿ ಹೈದರಾಬಾದಿನ ಉಸ್ಮಾನಿಯಾದಲ್ಲಿ ಓದಿದ ರಫಿ ಅಹ್ಮದ್ ಒಬ್ಬರು. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಅವರ ತಂಡ 2017ರಲ್ಲಿ, ಇಮ್ಯುನೊಥೆರಪಿಯಿಂದ ಲಾಭ ಪಡೆದ ಹೆಚ್ಚಿನವರಲ್ಲಿ ಮೊದಲ ನಾಲ್ಕು ವಾರದೊಳಗೇ ಒಂದು ಬಗೆಯ ಸಿಡಿ8 ಟಿ-ಕಣಗಳು ರಕ್ತದಲ್ಲಿ ಹೆಚ್ಚುವುದನ್ನು ತೋರಿಸಿತು. ಆದರೆ ಇದಕ್ಕೆ ಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸುವ ಫ್ಲೋ ಸೈಟೋಮೆಟ್ರಿ ಬೇಕು, ತಾಲ್ಲೂಕು ಲ್ಯಾಬಿನ ಯಂತ್ರ ಸಾಲದು.

ನಮ್ಮ ಕಡೆ ಇನ್ನೊಂದು ತೊಡಕು. ಕ್ಷಯ, ನ್ಯುಮೋನಿಯಾ, ಉಬ್ಬಸಕ್ಕೆ ನುಂಗಿದ ಸ್ಟೀರಾಯ್ಡ್ ಮಾತ್ರೆ, ಇವೆಲ್ಲ ಇದೇ ಅನುಪಾತವನ್ನು ಮೇಲೆಳೆಯುತ್ತವೆ. ಅರೆಹೊಟ್ಟೆಯ ದೇಹದಲ್ಲಿ ಅಲ್ಬುಮಿನ್ ಮೊದಲೇ ತಗ್ಗಿರುತ್ತದೆ. ಹಾಗಾಗಿ ಒಂದು ದಿನದ ಅಂಕಿಗಿಂತ ಒಬ್ಬರದೇ ಸಾಲು ವರದಿಗಳು ಹೆಚ್ಚು ನಂಬಿಕೆಗೆ ಅರ್ಹ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವಾಗ ಸಿಟಿ ಸ್ಕ್ಯಾನ್ ಜೊತೆ ಹಳೆಯ ಸಿಬಿಸಿ ಹಾಳೆಗಳನ್ನೂ ಒಯ್ಯುವುದು ಒಳ್ಳೆಯದು. ಚಿಕಿತ್ಸೆ ಯಾವುದೆಂದು ನಿರ್ಧರಿಸಲು ವೈದ್ಯರು ಇಂದಿಗೂ ಮುಖ್ಯವಾಗಿ ನೋಡುವುದು ಬಯಾಪ್ಸಿಯ ತುಣುಕಿನಲ್ಲಿ ಸಿಗುವ ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಫಲಿತಾಂಶಗಳನ್ನೇ.