ಬಯಲಿನ ನಾದ: ಶಂಕರನಾರಾಯಣದ ಸೀಮೆಯ ಜಾತ್ರೆಗಳಲ್ಲಿ ಗಾನವೂ ವಾದ್ಯವೂ

ಕುಂದಾಪುರದಿಂದ ಮೂಡಣಕ್ಕೆ, ಘಟ್ಟದ ಬುಡದತ್ತ ಸಾಗುವ ದಾರಿಯಲ್ಲಿ ಶಂಕರನಾರಾಯಣವೆಂಬ ಕ್ಷೇತ್ರವಿರುವುದು ವಾಚಕರಿಗೆ ವಿದಿತವೇ ಆಗಿದೆ. ಹರಿಹರರಿಬ್ಬರಿಗೂ ಒಂದೇ ಗರ್ಭಗುಡಿಯಲ್ಲಿ ಪೂಜೆ ಸಲ್ಲುವ ಈ ಕ್ಷೇತ್ರದ ಸುತ್ತಣ ಸೀಮೆಯಲ್ಲಿ ಮಂದರ್ತಿ, ಕಮಲಶಿಲೆ, ಮಾರಣಕಟ್ಟೆ ಮೊದಲಾದ ದೇವಸ್ಥಾನಗಳಿವೆ. ಮಳೆಗಾಲವು ಕಳೆದು ಕೊಯ್ಲು ಮುಗಿದ ಮೇಲೆ ಈ ಸೀಮೆಯ ಗದ್ದೆಗಳೇ ರಂಗಸ್ಥಳಗಳಾಗುವುವು. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟ ಮೇಳಗಳು ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವುವು. ಈ ಬಯಲಿನ ಗಾನವಾದ್ಯಗಳು ಎಲ್ಲಿಂದ ಬಂದುವು, ಕಾಲಾನುಕ್ರಮದಲ್ಲಿ ಹೇಗೆ ಮಾರ್ಪಟ್ಟುವು, ಈಗ ಅವುಗಳಿಗೆ ಒದಗಿರುವ ಕ್ಲೇಶವೇನು ಎಂಬುದನ್ನು ಯಥಾಮತಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಭರತಮುನಿಯು ನಾಟ್ಯಶಾಸ್ತ್ರದ 28ನೆಯ ಅಧ್ಯಾಯದಲ್ಲಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ನಮ್ಮ ಬಯಲನ್ನು ಈ ಸೂತ್ರದಿಂದ ಅಳೆದು ನೋಡಿದರೆ ಅವನದ್ಧ, ಅಂದರೆ ಚರ್ಮವನ್ನು ಬಿಗಿದ ವಾದ್ಯಗಳೇ ಇಲ್ಲಿ ಪ್ರಧಾನವಾಗಿರುವುದು ಕಂಡುಬರುವುದು. ಚಂಡೆ, ಮದ್ದಲೆ, ಡೋಲು, ಗುಮಟೆ, ಇವೆಲ್ಲವೂ ಆ ವರ್ಗಕ್ಕೆ ಸೇರಿದುವು. ಇದಕ್ಕೆ ಕಾರಣವು ಸುಲಭವಾಗಿಯೇ ಹೊಳೆಯುವುದು. ನಾಲ್ಕು ಗೋಡೆಗಳಿರುವ ಸಭಾಮಂಟಪದಲ್ಲಿ ವೀಣೆಯ ಸೂಕ್ಷ್ಮನಾದವು ಸಲ್ಲಬಹುದು. ಆದರೆ ಗುಡ್ಡ, ತೋಟ, ಹೊಳೆಗಳನ್ನು ದಾಟಿ ಇನ್ನೊಂದು ಊರಿಗೆ ಆಟದ ವಾರ್ತೆಯನ್ನು ಮುಟ್ಟಿಸಲು ಚಂಡೆಯೇ ಬೇಕು. ಚಂಡೆಯ ಪೆಟ್ಟು ಕೇಳಿ ಸೂಡಿಯ ಬೆಳಕಿನಲ್ಲಿ ಗದ್ದೆಯಂಚು ಹಿಡಿದು ಬರುವ ಜನರಿಗೆ ಅದೇ ಆಮಂತ್ರಣಪತ್ರಿಕೆಯಾಗಿತ್ತು.

ಯಕ್ಷಗಾನದ ಪ್ರಾಚೀನತೆಯನ್ನು ಕುರಿತು ಪಂಡಿತರಲ್ಲಿ ಬಹಳ ಚರ್ಚೆ ನಡೆದಿದೆ. 1189ರಲ್ಲಿ ಅಗ್ಗಳನು ರಚಿಸಿದ ಚಂದ್ರಪ್ರಭಪುರಾಣದಲ್ಲಿ 'ಎಕ್ಕಲಗಾಣ'ವೆಂಬ ಮಾತು ಬರುವುದರಿಂದ, ಆ ಕಾಲಕ್ಕೇ ಅಂತಹ ಗಾಯಕರು ಇದ್ದರೆಂದು ಊಹಿಸಿದವರುಂಟು. ಒಂದು ಹೆಸರಿನ ಬಲದಿಂದ ಇಂದಿನ ಬಯಲಾಟವೇ ಅಂದೂ ಇತ್ತೆಂದು ಸಾಧಿಸುವುದು ಯುಕ್ತವಲ್ಲ. ಆದರೂ ಹಾಡುವ ಒಂದು ದೇಶೀ ಪದ್ಧತಿಯು ಪುರಾತನವೆಂಬುದರಲ್ಲಿ ಸಂಶಯವಿಲ್ಲ. ಈ ವಿಷಯದಲ್ಲಿ ಬಹಳ ಶ್ರಮಪಟ್ಟವರು ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು. ಅವರ 'ಯಕ್ಷಗಾನ ಬಯಲಾಟ'ವು 1957ರಲ್ಲಿ ಪ್ರಕಟವಾಗಿ, 1959ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆಯಿತು. ಅವರು ಮುಂದೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಕೂಡಿಸಿ ಪ್ರಯೋಗಗಳನ್ನು ಮಾಡಿ, ಪರದೇಶಗಳಲ್ಲಿಯೂ ತೋರಿಸಿದರು. ಪರದೇಶದವರೂ ಇಲ್ಲಿಗೆ ಬಂದು ಕಲಿತರು. ಮಾರ್ಥಾ ಆಷ್ಟನ್, ಬ್ರೂಸ್ ಕ್ರಿಸ್ಟಿ ಎಂಬಿಬ್ಬರು ಬರೆದ ಇಂಗ್ಲಿಷ್ ಗ್ರಂಥವು 1977ರಲ್ಲಿ ಹೊರಬಂದಿತು. ನಮ್ಮ ಗದ್ದೆಯ ನಾದವು ಹೀಗೆ ಸಮುದ್ರವನ್ನು ದಾಟಿತು.

ಆದರೆ ಬಯಲೆಂದರೆ ಯಕ್ಷಗಾನವೊಂದೇ ಅಲ್ಲ. ಫಾಲ್ಗುಣದ ಹುಣ್ಣಿಮೆ ಸಮೀಪಿಸಿದಾಗ ಕುಡುಬಿಯವರು ಗುಮಟೆ ಹಿಡಿದು ಹೋಳಿಯ ಕುಣಿತಕ್ಕೆ ಹೊರಡುವರು. ಪೋರ್ತುಗೀಸರ ಕಾಲದಲ್ಲಿ ತಮ್ಮ ಹಿರಿಯರು ಗೋವೆಯನ್ನು ಬಿಟ್ಟು ಬಂದರೆಂಬುದು ಅವರಲ್ಲಿ ಪರಂಪರೆಯಿಂದ ಬಂದ ಮಾತು. ಅವರ ಮನೆಮಾತಾದ ಕೊಂಕಣಿಯೂ ಅವರ ವಾದ್ಯವೂ ಆ ಮಾತಿಗೆ ಪೋಷಕವಾಗಿವೆ. ಗುಮಟೆಯು ಮಣ್ಣಿನ ಮಡಕೆ. ಅದರ ಒಂದು ಬಾಯಿಗೆ ಉಡದ ಚರ್ಮವನ್ನು ಬಿಗಿಯುವುದು ಹಿಂದಿನ ರೂಢಿ. ಉಡವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವುದರಿಂದ ಆ ರೂಢಿಯನ್ನು ಬಿಡುವುದು ಧರ್ಮವೂ ಹೌದು, ನ್ಯಾಯವೂ ಹೌದು. ಗೋವೆಯಲ್ಲಿ ಆಡಿನ ಚರ್ಮವನ್ನು ಬಳಸಿ ಈ ವಾದ್ಯವನ್ನು ಉಳಿಸಿಕೊಂಡಿದ್ದಾರೆ; 2019ರಲ್ಲಿ ಅಲ್ಲಿಯ ಸರಕಾರವು ಅದಕ್ಕೆ ಪಾರಂಪರಿಕ ವಾದ್ಯವೆಂಬ ಗೌರವವನ್ನೂ ಕೊಟ್ಟಿತು. ನಮ್ಮಲ್ಲಿ ಆ ಗೌರವವು ಇನ್ನೂ ಮನೆಯಂಗಳವನ್ನು ದಾಟಿಲ್ಲ.

ಇನ್ನು ನವರಾತ್ರಿಯ ಹೂವಿನ ಕೋಲನ್ನು ಸ್ಮರಿಸಬೇಕು. ಭಾಗವತರೊಡನೆ ಮನೆಮನೆಗೆ ಬರುವ ಚಿಕ್ಕ ಮಕ್ಕಳು ಎದುರುಬದುರಾಗಿ ಕುಳಿತು ಪ್ರಸಂಗದ ಅರ್ಥವನ್ನು ಹೇಳುವ ಈ ಪದ್ಧತಿಯೇ ಅನೇಕ ಕಲಾವಿದರಿಗೆ ಪ್ರಥಮ ಪಾಠಶಾಲೆಯಾಗಿತ್ತು. ಜಾತ್ರೆಯ ಗದ್ದೆಯಲ್ಲಿ ಬೆಳೆದು ನಿಂತ ಮರದ ಬೇರು ಇಂತಹ ಜಗಲಿಗಳಲ್ಲಿ ಇದೆ.

ಈಗ ಮಾರ್ಪಾಟಿನ ವಿಚಾರ. ಹಿಂದೆ ಎಣ್ಣೆಯ ದೀವಟಿಗೆಯ ಬೆಳಕು, ತರುವಾಯ ಗ್ಯಾಸ್‌ಲೈಟು, ಆಮೇಲೆ ವಿದ್ಯುದ್ದೀಪ. ಶ್ರುತಿಗೆ ಸೋರೆಬುರುಡೆಯ ಪುಂಗಿಯಿದ್ದ ಸ್ಥಾನದಲ್ಲಿ ಹಾರ್ಮೋನಿಯಂ ಬಂದಿತು. ಇವುಗಳಿಂದ ಕಲೆಯು ಕೆಡಲಿಲ್ಲ. ಧ್ವನಿವರ್ಧಕವು ಬಂದುದರಿಂದ ಭಾಗವತರ ಕಂಠಕ್ಕೆ ಉಪಕಾರವೇ ಆಯಿತು. 1990ರಲ್ಲಿ ಅಕಾಲಮರಣಕ್ಕೆ ತುತ್ತಾದ ಗುಂಡ್ಮಿ ಕಾಳಿಂಗ ನಾವಡರ ಹೊಸ ರಾಗಗಳ ಮಾಧುರ್ಯವು ಸಾವಿರಾರು ಜನರಿಗೆ ಮುಟ್ಟಿದುದು ಅದರಿಂದಲೇ. ಆದರೆ ಕಂಠದ ಸಹಾಯಕ್ಕೆಂದು ಬಂದ ಯಂತ್ರವನ್ನು ಚಂಡೆಯ ಮುಂದೆಯೂ ಇಟ್ಟುದು ಅವಿವೇಕವೆಂದೇ ಹೇಳಬೇಕು. ಮೈಲಿ ದೂರಕ್ಕೆ ತಾನಾಗಿಯೇ ಕೇಳಿಸುವುದನ್ನು ಇಮ್ಮಡಿಸುವುದರಿಂದ ಹತ್ತಿರ ಕುಳಿತವನ ಕಿವಿಗೆ ಪೀಡೆಯಲ್ಲದೆ ಬೇರೆ ಫಲವಿಲ್ಲ. ಅದೇ ಜಾತ್ರೆಯಲ್ಲಿ ಇನ್ನೊಂದು ವೇದಿಕೆಯಿಂದ ರಸಮಂಜರಿಯ ಘೋಷವೂ ಸೇರಿತೆಂದರೆ, ಗುಮಟೆಯ ತಂಡವು ಕೈಕಟ್ಟಿ ನಿಲ್ಲಬೇಕಾಗುವುದು.

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಅನೇಕ ಮೇಳಗಳು ಕಾಲಮಿತಿಗೆ ಒಗ್ಗಿವೆ. ರೋಗಿಗಳ ನಿದ್ರೆಯೂ ವಿದ್ಯಾರ್ಥಿಗಳ ಓದೂ ಉಪೇಕ್ಷೆಗೆ ಅರ್ಹವಲ್ಲವಾದುದರಿಂದ ಈ ನಿಯಮವನ್ನು ದೂಷಿಸಲಾಗದು. ಆದರೆ ರಾತ್ರಿಯನ್ನು ಮೊಟಕುಮಾಡುವಾಗ ಮೊದಲು ಕತ್ತರಿ ಬೀಳುವುದು ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗಕ್ಕೆ; ಹೊಸಬರು ಗೆಜ್ಜೆ ಕಟ್ಟಿ ರಂಗವನ್ನು ಪರಿಚಯಿಸಿಕೊಳ್ಳುತ್ತಿದ್ದುದು ಅಲ್ಲಿಯೇ. ಇಂದು ಅದನ್ನು ಕಳೆದುಕೊಂಡರೆ ನಾಳೆ ಒಡ್ಡೋಲಗಕ್ಕೆ ವೇಷಧಾರಿಗಳು ಎಲ್ಲಿಂದ ಬರಬೇಕು?

ಆದುದರಿಂದ ಈ ಸೀಮೆಯ ಜಾತ್ರೆಗಳನ್ನು ನಡೆಸುವ ಮಹನೀಯರಲ್ಲಿ ಎರಡು ವಿಜ್ಞಾಪನೆಗಳಿವೆ. ಮೊದಲನೆಯದು, ಸೂರ್ಯಾಸ್ತದ ಬಳಿಕ ಒಂದು ತಾಸು ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಗುಮಟೆ, ಡೋಲು, ಚಂಡೆಗಳಿಗೆ ಬಯಲನ್ನು ಬಿಟ್ಟುಕೊಡಬೇಕು. ಆ ವಾದ್ಯಗಳನ್ನು ಬಾರಿಸುವವರನ್ನು ಜಾತಿಭೇದವಿಲ್ಲದೆ ರಂಗದ ನಡುವೆ ಕರೆದು, ಸಂಭಾವನೆಯಿತ್ತು ಗೌರವಿಸಬೇಕು. ಎರಡನೆಯದು, ಕಾಲಮಿತಿಯ ಆಟವಾದರೂ ಪೂರ್ವರಂಗಕ್ಕೆ ಅರ್ಧ ತಾಸನ್ನು ಮೀಸಲಿಟ್ಟು, ಊರಿನ ಮಕ್ಕಳಿಗೇ ಅದನ್ನು ಕೊಡಬೇಕು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಸಂಜೆಯಲ್ಲಿಯೇ ಮುಗಿಯುವುದರಿಂದ ನಿಯಮಕ್ಕೆ ಭಂಗವೂ ಇಲ್ಲ. ಹರಿಗೂ ಹರನಿಗೂ ಒಂದೇ ಪೀಠವನ್ನು ಕೊಟ್ಟ ಊರಿನ ಬಯಲಿನಲ್ಲಿ ಭಾಗವತರ ತಾಳಕ್ಕೂ ಕುಡುಬಿಯವರ ಗುಮಟೆಗೂ ಸಮಾನವಾದ ಸ್ಥಾನವು ದೊರೆಯಲೆಂದು ಸಹೃದಯರು ಹಾರೈಸುವರೆಂದು ನಂಬಿದ್ದೇನೆ.