ಬಿಟ್ಟುಹೋದ ಎಪ್ಪತ್ತಮೂರು ಅಂತಸ್ತು

ಚಿಕ್ಕಮ್ಮನ ಮಗ ಪಿಯುಸಿ ಓದುತ್ತಿದ್ದಾಗ ಒಂದು ಪುಸ್ತಕ ತಂದು ನನ್ನ ಕೈಗಿಟ್ಟು, "ಅಕ್ಕಾ, ನೀನು ಹಿಸ್ಟರಿ ಓದೋಳಲ್ವಾ, ಇದನ್ನ ಓದು" ಅಂದಿದ್ದ. ಮುಖಪುಟದ ಮೇಲೆ ಕತ್ತಿ ಹಿಡಿದು ನಿಂತ ಹುಡುಗ, ದೊಡ್ಡ ಕಣ್ಣಿನ ಹುಡುಗಿ, ಹಿಂದೆ ಆಕಾಶದಲ್ಲಿ ತೇಲುವ ಕೋಟೆ. ಇದರಲ್ಲಿ ಹಿಸ್ಟರಿ ಎಲ್ಲಿದೆಯೋ ಅಂತ ನಕ್ಕು ಚೀಲಕ್ಕೆ ಹಾಕಿಕೊಂಡೆ. ಮೈಸೂರಿನ ಹಾಸ್ಟೆಲ್ಲಿನ ಕಪಾಟಿನಲ್ಲಿ ಅದು ವರ್ಷಕ್ಕೂ ಮೀರಿ ಧೂಳು ಕುಡಿಯಿತು. 2022ರ ನವೆಂಬರ್ ಕೊನೆಯಲ್ಲಿ ಥೀಸಿಸ್‌ನ ಮೂರನೇ ಅಧ್ಯಾಯ ಎಲ್ಲಿಗೂ ಹೋಗದೆ ನಿಂತಾಗ, ಗೈಡ್‌ಗೆ ಏನು ಹೇಳುವುದೆಂದು ತಿಳಿಯದ ಒಂದು ರಾತ್ರಿ, ಅದನ್ನು ತೆಗೆದೆ.

ಪುಸ್ತಕದ ಹೆಸರು 'ಸ್ವೋರ್ಡ್ ಆರ್ಟ್ ಆನ್‌ಲೈನ್', ಬರೆದವರು ಜಪಾನಿನ ರೇಕಿ ಕವಹಾರಾ. ಕಥೆ ಶುರುವಾಗುವ ದಿನ 2022ರ ನವೆಂಬರ್ 6, ಭಾನುವಾರ. ಕವಹಾರಾ ಇದನ್ನು ಬರೆದದ್ದು 2002ರಲ್ಲಿ. ಆಗ ಇಪ್ಪತ್ತು ವರ್ಷ ದೂರವಿದ್ದ ಆ ಭವಿಷ್ಯ ನಾನು ಓದುವ ಹೊತ್ತಿಗೆ ಸರಿಯಾಗಿ ಮೂರು ವಾರದ ಹಿಂದೆ ಆಗಿಹೋಗಿತ್ತು. ಆ ಭಾನುವಾರ ನಾನೇನು ಮಾಡಿದೆ ಅಂತ ನೆನಪಿಸಿಕೊಂಡೆ. ಬಟ್ಟೆ ಒಗೆದಿದ್ದೆ.

ಕಥೆ ಹೀಗಿದೆ. ನರ್ವ್‌ಗಿಯರ್ ಎಂಬ ಶಿರಸ್ತ್ರಾಣ ತೊಟ್ಟರೆ ಮಿದುಳಿಗೂ ದೇಹಕ್ಕೂ ನಡುವಿನ ಸಂದೇಶಗಳು ತಡೆದು, ಆಟದ ಲೋಕದಲ್ಲಿ ಕಣ್ಣು, ಕಿವಿ, ಚರ್ಮ ಎಲ್ಲವೂ ಕೆಲಸ ಮಾಡುತ್ತವೆ. ಆಟ ಬಿಡುಗಡೆಯಾದ ಮೊದಲ ದಿನವೇ ಒಳಹೊಕ್ಕ ಹತ್ತು ಸಾವಿರ ಜನಕ್ಕೆ ಸಂಜೆಯ ಹೊತ್ತಿಗೆ ಹೊರಹೋಗುವ ಗುಂಡಿಯೇ ಇಲ್ಲವೆಂದು ತಿಳಿಯುತ್ತದೆ. ಆಟ ಕಟ್ಟಿದ ವಿಜ್ಞಾನಿ ಕಯಾಬಾ ಅಕಿಹಿಕೊ ಆಕಾಶದಲ್ಲಿ ಪ್ರತ್ಯಕ್ಷನಾಗಿ ನಿಯಮ ಹೇಳುತ್ತಾನೆ: ನೂರು ಅಂತಸ್ತಿನ ಐನ್‌ಕ್ರಾಡ್ ಕೋಟೆಯನ್ನು ತುದಿಯವರೆಗೆ ಗೆದ್ದರೆ ಬಿಡುಗಡೆ, ಆಟದಲ್ಲಿ ಸತ್ತರೆ ಶಿರಸ್ತ್ರಾಣ ನಿಜವಾದ ಮಿದುಳನ್ನೇ ಸುಡುತ್ತದೆ, ಮನೆಯವರು ಅದನ್ನು ಕಿತ್ತರೂ ಅಷ್ಟೇ. ಹಾಗೆ ಕಿತ್ತು ಆಗಲೇ 213 ಜನ ಸತ್ತಿದ್ದಾರೆ ಎನ್ನುತ್ತಾನೆ. ಆಮೇಲೆ ಪ್ರತಿಯೊಬ್ಬರ ಕೈಗೂ ಒಂದು ಕನ್ನಡಿ ಬರುತ್ತದೆ. ನೋಡಿಕೊಂಡರೆ ಕಟ್ಟಿಕೊಂಡು ಬಂದಿದ್ದ ಸುಂದರ ರೂಪ ಕಳಚಿ ಸ್ವಂತ ಮುಖವೇ ಕಾಣುತ್ತದೆ.

ಆಟದೊಳಗೆ ಸಿಕ್ಕಿಕೊಳ್ಳುವ ಕಥೆ ಹೊಸದಲ್ಲ. ತೊಟ್ಟರೆ ಇನ್ನೊಂದು ಲೋಕ ಕಾಣಿಸುವ ಕನ್ನಡಕದ ಕಥೆಯನ್ನು ಅಮೆರಿಕದ ಸ್ಟ್ಯಾನ್ಲಿ ವೈನ್‌ಬಾಮ್ 1935ರಲ್ಲೇ ಬರೆದಿದ್ದ. ಜಪಾನಿನಲ್ಲಿ ಒಕಾಜಿಮಾ ಫುತಾರಿ ಎಂಬ ಒಂದೇ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ ಇಬ್ಬರು ಲೇಖಕರು ತಮ್ಮ ಜೋಡಿಯ ಕೊನೆಯ ಪುಸ್ತಕವಾಗಿ 1989ರಲ್ಲಿ 'ಕ್ಲೈನ್ ಹೂಜಿ' ಎನ್ನಬಹುದಾದ ಕಾದಂಬರಿ ಕೊಟ್ಟರು. ಅದರಲ್ಲಿ ಹೊಸ ಯಂತ್ರದ ಆಟವನ್ನು ಪರೀಕ್ಷಿಸಲು ಹೋದವನಿಗೆ ತಾನು ಹೊರಗೆ ಬಂದಿದ್ದೇನೋ ಇನ್ನೂ ಒಳಗೇ ಇದ್ದೇನೋ ತಿಳಿಯದೆ ಹೋಗುತ್ತದೆ. 1994ರಲ್ಲಿ ಕ್ಯೋಇಚಿರೊ ತಕಾಹಾತಾ 'ಕ್ರಿಸ್ ಕ್ರಾಸ್' ಬರೆದರು. ಕಂಪ್ಯೂಟರ್ ಸೃಷ್ಟಿಸಿದ ನೆಲಮಾಳಿಗೆಗೆ 256 ಜನ ಇಳಿಯುತ್ತಾರೆ, ಅಲ್ಲಿ ಸತ್ತರೆ ಸತ್ತಂತೆ. ಡೆಂಗೆಕಿ ಪ್ರಶಸ್ತಿಯ ಮೊಟ್ಟಮೊದಲ ವರ್ಷದಲ್ಲೇ ಅದಕ್ಕೆ ಬಹುಮಾನ ಬಂತು. 2002ರ ಏಪ್ರಿಲ್‌ನಲ್ಲಿ ಟಿವಿಗೆ ಬಂದ 'ಡಾಟ್ ಹ್ಯಾಕ್' ಸರಣಿಯ ನಾಯಕನಿಗೂ ಆಟದಿಂದ ಹೊರಬರಲು ಆಗುವುದಿಲ್ಲ.

ಅದೇ ವರ್ಷ ಕವಹಾರಾ ತಮ್ಮ ಕಾದಂಬರಿಯನ್ನು ಅದೇ ಡೆಂಗೆಕಿ ಪ್ರಶಸ್ತಿಗಾಗಿ ಬರೆದರು. 2002 ಅಂದರೆ ಜಪಾನಿನ ಮನೆಗಳಿಗೆ ಅಗ್ಗದ ಬ್ರಾಡ್‌ಬ್ಯಾಂಡ್ ಹೊಸದಾಗಿ ಬರುತ್ತಿದ್ದ ಕಾಲ. 'ಫೈನಲ್ ಫ್ಯಾಂಟಸಿ'ಯ ಹನ್ನೊಂದನೆಯ ಆಟ ಆ ವರ್ಷದ ಮೇ ತಿಂಗಳಲ್ಲಿ ಆನ್‌ಲೈನಿಗೆ ಬಂತು. ತಾಸುಗಟ್ಟಲೆ ಅಪರಿಚಿತರ ಜೊತೆ ಒಂದೇ ಬಯಲಿನಲ್ಲಿ ನಿಂತು ಮೃಗ ಹೊಡೆಯುವುದು, ಮಧ್ಯೆ ಮಧ್ಯೆ ಟೈಪು ಮಾಡಿ ಹರಟುವುದು, ಇದೆಲ್ಲ ಆ ತಲೆಮಾರಿನ ಹುಡುಗರಿಗೆ ನಿತ್ಯದ ಬದುಕಾಗುತ್ತಿತ್ತು. ಉದ್ಯೋಗ ಸಿಗದ ತೊಂಬತ್ತರ ದಶಕ ಇನ್ನೂ ಬೆನ್ನ ಹಿಂದೆಯೇ ಇತ್ತು. ಕೋಣೆ ಬಿಟ್ಟು ಹೊರಬರದ ಯುವಕರ ಬಗ್ಗೆ ಮನೋವೈದ್ಯ ತಮಾಕಿ ಸೈತೊ 1998ರಲ್ಲಿ ಪುಸ್ತಕ ಬರೆದ ಮೇಲೆ 'ಹಿಕಿಕೊಮೊರಿ' ಎಂಬ ಪದ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು.

ಹಾಗಾಗಿ ಈ ಸರಣಿಯನ್ನು ಪಲಾಯನದ ಸಾಹಿತ್ಯ ಎಂದು ತಳ್ಳಿಹಾಕುವವರು ಬಹಳ. ನಾನೂ ಓದದೆಯೇ ಹಾಗಂದುಕೊಂಡಿದ್ದೆ. ಓದಿದ ಮೇಲೆ ಕಂಡದ್ದು ಬೇರೆ. 'ಕ್ಲೈನ್ ಹೂಜಿ'ಯ ಪ್ರಶ್ನೆ, ಇದು ನಿಜವೋ ಭ್ರಮೆಯೋ ಎನ್ನುವುದು. ನಮ್ಮ ಹಗ್ಗ–ಹಾವಿನ ತರ್ಕ ಬಲ್ಲವರಿಗೆ ಅದು ಪರಿಚಿತ ಪ್ರಶ್ನೆ. ಕವಹಾರಾರ ಪಾತ್ರಗಳು ಆ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ಕೂರುವುದಿಲ್ಲ. ರಾತ್ರಿ ಎಲ್ಲಿ ಮಲಗಬೇಕು, ಬ್ರೆಡ್ಡಿಗೆ ಎಷ್ಟು ಕಾಸು, ಯಾರನ್ನು ನಂಬಬಹುದು ಎಂಬ ಚಿಂತೆ ಅವರದು. ಇಪ್ಪತ್ತೆರಡನೆಯ ಅಂತಸ್ತಿನಲ್ಲಿ ನಿಶಿದಾ ಎಂಬ ವಯಸ್ಸಾದ ವ್ಯಕ್ತಿ ಕೆರೆಯ ದಡದಲ್ಲಿ ಗಾಳ ಹಾಕಿ ಕೂತಿರುತ್ತಾನೆ. ಆಟಗಾರನೇ ಅಲ್ಲ. ಆಟಕ್ಕೆ ನೆಟ್‌ವರ್ಕ್ ಒದಗಿಸಿದ ಕಂಪನಿಯ ನೌಕರ. ತಾನು ನೋಡಿಕೊಂಡ ಕೆಲಸ ಹೇಗಿದೆ ನೋಡೋಣ ಅಂತ ಒಳಗೆ ಬಂದವನು ಸಿಕ್ಕಿಬಿದ್ದಿದ್ದಾನೆ. ಮೀನು ಹಿಡಿಯುವುದರ ಹೊರತು ಅವನಿಗೆ ಆ ಲೋಕದಲ್ಲಿ ಬೇರೆ ಗತಿಯಿಲ್ಲ, ಆದರೂ ಅದನ್ನು ಪ್ರೀತಿಯಿಂದ ಮಾಡುತ್ತಾನೆ. ಕತ್ತಿಕಾಳಗದ ಪುಟಗಳನ್ನೆಲ್ಲ ನಾನು ಮರೆತಿದ್ದೇನೆ, ಈ ಮನುಷ್ಯನನ್ನು ಮರೆತಿಲ್ಲ.

ಆದರೆ ತಮ್ಮ ಯಾಕೆ 'ಹಿಸ್ಟರಿ' ಅಂದಿದ್ದ ಎನ್ನುವುದು ಹೊಳೆದದ್ದು ಪುಸ್ತಕದ ರಚನೆಯಿಂದ. ಮೊದಲ ದಿನದ ಭಯಾನಕ ಸಂಜೆ ಮುಗಿದು ಪುಟ ತಿರುಗಿಸಿದರೆ ಸುಮಾರು ಎರಡು ವರ್ಷ ಕಳೆದಿದೆ. ಆಟಗಾರರು ಎಪ್ಪತ್ನಾಲ್ಕನೆಯ ಅಂತಸ್ತಿನಲ್ಲಿದ್ದಾರೆ. ಸಾವಿರಾರು ಜನ ಸತ್ತಿದ್ದಾರೆ. ನಡುವಿನ ಎಪ್ಪತ್ತಮೂರು ಅಂತಸ್ತುಗಳಲ್ಲಿ ಏನಾಯಿತು? ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಏನೂ ಇಲ್ಲ. ಕವಹಾರಾ ಸ್ಪರ್ಧೆಗೆಂದು ಬರೆದವರು, ಒಂದೇ ಪುಸ್ತಕದಲ್ಲಿ ಕಥೆ ಮುಗಿಸಬೇಕಿತ್ತು. ಆ ಜಿಗಿತಕ್ಕೆ ಇದೇ ಕಾರಣವೆಂದು ನನ್ನ ಊಹೆ. ವಿಪರ್ಯಾಸವೆಂದರೆ ಅಷ್ಟು ಜಿಗಿದರೂ ಹಸ್ತಪ್ರತಿ ಸ್ಪರ್ಧೆಯ ಪುಟಮಿತಿ ಮೀರಿತು. ಕಳಿಸಲೇ ಇಲ್ಲ. ಫುಮಿಯೊ ಕುನೊರಿ ಎಂಬ ಬೇರೆ ಹೆಸರಿನಲ್ಲಿ ತಮ್ಮ ಜಾಲತಾಣದಲ್ಲಿ ಹಾಕಿಕೊಂಡರು. ಓದುಗರು ಸೇರಿದರು, ಕಥೆ ಮುಂದುವರಿಯುತ್ತ ಹೋಯಿತು. ಆರು ವರ್ಷದ ಮೇಲೆ ಅವರ ಇನ್ನೊಂದು ಕಾದಂಬರಿ 'ಆಕ್ಸೆಲ್ ವರ್ಲ್ಡ್' ಡೆಂಗೆಕಿಯ ಮೊದಲ ಬಹುಮಾನ ಗೆದ್ದಿತು. ಆಗ ಸಂಪಾದಕ ಕಝುಮಾ ಮಿಕಿ ಹಳೆಯ ಜಾಲಕಥೆಯನ್ನೂ ಓದಿ ಅಚ್ಚಿಗೆ ಕೇಳಿದರು. 2009ರ ಏಪ್ರಿಲ್‌ನಲ್ಲಿ ಮೊದಲ ಸಂಪುಟ ಬಂತು. ಜಾಲದ ಮೂಲ ಪಾಠವನ್ನು ತೆಗೆದುಹಾಕಲಾಯಿತು.

ಅಲ್ಲಿಂದ ಕವಹಾರಾ ಮಾಡಿದ್ದು ಇತಿಹಾಸಕಾರರ ಕೆಲಸ ಅಂತ ನನಗನ್ನಿಸುತ್ತದೆ. ಎರಡನೆಯ ಸಂಪುಟದಲ್ಲಿ ಹಿಂದೆ ಹೋಗಿ ಆ ಖಾಲಿ ಜಾಗದಿಂದ ನಾಲ್ಕು ಸಣ್ಣ ಕಥೆಗಳನ್ನು ಹೆಕ್ಕಿದರು. ಅದರಲ್ಲಿ ಸಾಚಿ ಎಂಬ ಹುಡುಗಿಯ ಕಥೆಯಿದೆ. ಐದು ಜನ ಗೆಳೆಯರ ಪುಟ್ಟ ತಂಡದಲ್ಲಿದ್ದ ಹೆದರುಪುಕ್ಕಲಿ. 2023ರ ಜೂನ್‌ನಲ್ಲಿ ಅವಳು ಸಾಯುತ್ತಾಳೆ. ಆ ವರ್ಷದ ಕ್ರಿಸ್‌ಮಸ್ ರಾತ್ರಿ ಅವಳು ಮೊದಲೇ ಮುದ್ರಿಸಿಟ್ಟಿದ್ದ ಧ್ವನಿ ನಾಯಕ ಕಿರಿಟೊನಿಗೆ ಕೇಳಿಸುತ್ತದೆ. 2012ರಲ್ಲಿ 'ಪ್ರೊಗ್ರೆಸಿವ್' ಎಂಬ ಹೊಸ ಸರಣಿ ಹಿಡಿದು ಮೊದಲ ಅಂತಸ್ತಿನಿಂದ ಒಂದೊಂದಾಗಿ ಬರೆಯತೊಡಗಿದರು. ಹತ್ತು ವರ್ಷ ಬರೆದರೂ ಏಳನೆಯ ಅಂತಸ್ತಿನ ಆಸುಪಾಸಿನಲ್ಲೇ ಇದ್ದರು. ಒಂದು ಮನುಷ್ಯ ಆಯುಷ್ಯಕ್ಕೆ ಮುಗಿಯುವ ಲೆಕ್ಕವಲ್ಲ ಇದು. ಮೇಲಾಗಿ ಹೊಸ ಬರಹ ಹಳೆಯದರ ಜೊತೆ ಪೂರ್ತಿ ಹೊಂದುವುದೂ ಇಲ್ಲ. ಕಿರಿಟೊ ಮತ್ತು ಅಸುನಾ ಅಷ್ಟು ಮೊದಲೇ ಅಷ್ಟು ದಿನ ಜೊತೆಗಿದ್ದರು ಅಂತ ಮೊದಲ ಸಂಪುಟ ಓದಿದವರು ಯಾರೂ ಊಹಿಸಲಾರರು. ಆಕರ ಎರಡು, ಹೇಳಿಕೆ ಎರಡು.

ನನ್ನ ಅಧ್ಯಾಯ ನಿಂತದ್ದೂ ಇಂಥದ್ದೇ ಕಡೆ. ನಾನು ಕೆಲಸ ಮಾಡುತ್ತಿರುವುದು ಶಾನುಭೋಗರ ಮನೆಯೊಂದರ ಕಡತಗಳ ಮೇಲೆ. ಈಗ ಆಫೀಸಿನ ಫೈಲಿಗೆ ಕಡತ ಅನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿ ಅಕ್ಷರ. ಜಾಗ ಬೇಕಾದರೆ ಒರೆಸಿ ಅದರ ಮೇಲೆಯೇ ಹೊಸ ಲೆಕ್ಕ. ನನಗೆ ಬೇಕಾದ ಕೆಲವು ವರ್ಷಗಳ ಮೇಲೆ ಆಮೇಲಿನ ಯಾರದೋ ರಾಗಿ ಲೆಕ್ಕ ಕೂತಿದೆ. ಪೂರ್ತಿ ಕಳೆದುಹೋಗಿದ್ದರೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಅಡಿಯಲ್ಲಿ ಏನೋ ಕಂಡಂತಾಗುತ್ತದೆ.

ಅದಕ್ಕೇ ಇರಬೇಕು, ಐನ್‌ಕ್ರಾಡಿನ ಒಂದು ವಸ್ತು ನನ್ನನ್ನು ಬಹಳ ಕಾಡಿತು. ಮೊದಲ ಅಂತಸ್ತಿನ ಕಪ್ಪು ಕಬ್ಬಿಣದ ಅರಮನೆಯಲ್ಲಿ ಜೀವಶಿಲೆ ಎಂದು ಕರೆಯಬಹುದಾದ ಒಂದು ದೊಡ್ಡ ಕಲ್ಲಿದೆ. ಹತ್ತು ಸಾವಿರ ಆಟಗಾರರ ಹೆಸರೂ ಅದರಲ್ಲಿದೆ. ಯಾರಾದರೂ ಸತ್ತರೆ ಆ ಹೆಸರಿನ ಮೇಲೆ ತಾನಾಗಿ ಗೆರೆ ಬೀಳುತ್ತದೆ, ಪಕ್ಕದಲ್ಲಿ ಸಾವಿನ ಕಾರಣ. ಮೊದಲು ವೀರಗಲ್ಲು ನೆನಪಾಯಿತು. ಆದರೆ ವೀರಗಲ್ಲು ತುರು ಕಾದು ಸತ್ತವನನ್ನು ನೆನೆಯುತ್ತದೆ, ಊರಿನಲ್ಲಿ ಜ್ವರ ಬಂದು ಸತ್ತವರನ್ನಲ್ಲ. ಈ ಕಲ್ಲಿಗೆ ವೀರರು, ಹೇಡಿಗಳು, ಮೀನು ಹಿಡಿಯುವ ಮುದುಕರು ಎಲ್ಲರೂ ಒಂದೇ. ಶಾನುಭೋಗರ ಪಟ್ಟಿಗೇ ಇದು ಹತ್ತಿರ. ಅದೂ ಎಂಥ ಪಟ್ಟಿ! ಒಂದೂ ಹೆಸರು ಬಿಟ್ಟುಹೋಗದ, ಯಾರೂ ಒರೆಸಲಾಗದ ದಾಖಲೆ. ಕ್ರೂರಿ ಕಯಾಬಾ ಹತ್ತು ಸಾವಿರ ಜನರನ್ನು ಸೆರೆಹಿಡಿದ, ಅವರ ಲೆಕ್ಕವನ್ನು ಮಾತ್ರ ಪ್ರಾಮಾಣಿಕವಾಗಿಟ್ಟ. ಅಧಿಕಾರ ಮತ್ತು ದಾಖಲೆಯ ನಂಟಿನ ಬಗ್ಗೆ ನಮ್ಮ ಸೆಮಿನಾರುಗಳಲ್ಲಿ ಕೇಳುವ ಮಾತೆಲ್ಲ ಆ ಒಂದು ಕಲ್ಲಿನಲ್ಲಿದೆ.

ಮೊದಲ ಸಂಪುಟದ ಕೊನೆಯಲ್ಲಿ ಎಪ್ಪತ್ತೈದನೆಯ ಅಂತಸ್ತಿನಲ್ಲೇ ಆಟ ಮುಗಿದುಹೋಗುತ್ತದೆ. 2024ರ ನವೆಂಬರ್ 7. ಕೋಟೆ ಕುಸಿಯುವುದನ್ನು ಕಿರಿಟೊ ಮತ್ತು ಅಸುನಾ ದೂರದಿಂದ ನೋಡುತ್ತಾರೆ. ಆ ಲೋಕದಲ್ಲಿ ಮದುವೆಯಾಗಿ ಒಂದು ಮರದ ಮನೆಯಲ್ಲಿ ಬದುಕಿದವರು, ತಮ್ಮ ನಿಜ ಹೆಸರು ಮತ್ತು ವಯಸ್ಸನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಆಗ. ಕಲ್ಲೂ ಕೋಟೆಯ ಜೊತೆಗೇ ಹೋಗುತ್ತದೆ. (ಮೂರು ಮತ್ತು ನಾಲ್ಕನೆಯ ಸಂಪುಟಗಳಲ್ಲಿ ಇದೇ ಅಸುನಾಳನ್ನು ಪಂಜರದಲ್ಲಿ ಕೂರಿಸಿ ಕಾಯಲು ಬಿಟ್ಟದ್ದಕ್ಕೆ ನನಗಿನ್ನೂ ಸಿಟ್ಟಿದೆ. ಅಷ್ಟು ಚೆನ್ನಾಗಿ ಕತ್ತಿ ಬೀಸುವ ಹುಡುಗಿ!)

ಈ ಪುಸ್ತಕ ಹೊರಗಿನ ಇತಿಹಾಸದೊಳಗೂ ಕಾಲಿಟ್ಟಿತು. 2012ರ ಜುಲೈಯಲ್ಲಿ ಅನಿಮೆ ಬಂತು, ಮುಂದಿನ ತಿಂಗಳೇ ಅಮೆರಿಕದ ಪಾಮರ್ ಲಕಿ ತನ್ನ ಆಕ್ಯುಲಸ್ ಶಿರಸ್ತ್ರಾಣಕ್ಕೆ ಜನರಿಂದ ಹಣ ಕೂಡಿಸಲು ಇಳಿದ. ಎರಡು ವರ್ಷದೊಳಗೆ ಫೇಸ್‌ಬುಕ್ ಆ ಕಂಪನಿಯನ್ನು 200 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಈ ಯಂತ್ರಗಳ ಮೇಲೆ ಜನರಿಗೆ ಹುಟ್ಟಿದ ಆಸೆಗೆ ಆ ಅನಿಮೆಯೂ ಕಾರಣವೆಂದು ಲಕಿಯೇ ಹೇಳಿದ್ದಾನೆ. 2022ರ ನವೆಂಬರ್ 6ರಂದು, ಅಂದರೆ ಕಥೆಯ ದಿನದಂದೇ, ಆಟದಲ್ಲಿ ಸತ್ತರೆ ತೊಟ್ಟವರನ್ನು ಸ್ಫೋಟಕಗಳಿಂದ ನಿಜವಾಗಿಯೂ ಕೊಲ್ಲಬಲ್ಲ ಶಿರಸ್ತ್ರಾಣ ಕಟ್ಟಿದ್ದೇನೆ, ಸದ್ಯಕ್ಕೆ ಆಫೀಸಿನ ಅಲಂಕಾರಕ್ಕಿಟ್ಟಿದ್ದೇನೆ ಎಂದು ಬರೆದುಕೊಂಡ. ನಾನು ಬಟ್ಟೆ ಒಗೆಯುತ್ತಿದ್ದ ಭಾನುವಾರ. ಕಾದಂಬರಿಯಿಂದ ಅವನಿಗೆ ನೆನಪಿನಲ್ಲಿ ಉಳಿದದ್ದು ಶಿರಸ್ತ್ರಾಣ. ಕಲ್ಲಲ್ಲ.

ಓದಿ ಮುಗಿಸಿದ ಮೇಲೆ ತಮ್ಮನಿಗೆ ಫೋನು ಮಾಡಿದೆ. ಯಾಕೆ ಕೊಟ್ಟೆ ಅಂತ ಕೇಳಿದಾಗ ಅವನು ಪಬ್‌ಜಿ ವಿಷಯ ತೆಗೆದ. 2020ರಲ್ಲಿ, ಶಾಲೆ ಮುಚ್ಚಿದ್ದ ದಿನಗಳಲ್ಲಿ, ಇನ್ನೂ ಮೂವರ ಜೊತೆ ದಿನಾ ಸಂಜೆ ಆಡುತ್ತಿದ್ದನಂತೆ. ನಮಗೆಲ್ಲ ಅದು ಬೈಗುಳದ ವಿಷಯವಾಗಿತ್ತು, ನಾನೂ ಬೈದಿದ್ದೇನೆ. ಸೆಪ್ಟೆಂಬರ್ 2ರಂದು ಸರ್ಕಾರ ಆಟ ನಿಷೇಧಿಸಿತು. ಆದರೂ ಆಗಲೇ ಫೋನಿನಲ್ಲಿ ಇದ್ದವರಿಗೆ ಸ್ವಲ್ಪ ಕಾಲ ನಡೆಯುತ್ತಿತ್ತು. ಅಕ್ಟೋಬರ್ 30ಕ್ಕೆ ಸರ್ವರ್ ನಿಂತಿತು. ಹಿಂದಿನ ಸಂಜೆ ನಾಲ್ವರೂ ಯಾರಿಗೂ ಗುಂಡು ಹೊಡೆಯದೆ ಪೊಚಿಂಕಿಯ ಒಂದು ಮನೆಯ ಮಾಡಿನ ಮೇಲೆ ಹತ್ತಿ ನಿಂತಿದ್ದರಂತೆ. ಬೇರೆ ಯಾರೋ ಬಂದು ಹೊಡೆದು ಹಾಕಿದರಂತೆ.

"ನಂಬರ್ ಇಸ್ಕೋಬಾರದಿತ್ತಾ?" ಅಂದೆ.

"ಫೋನ್ ಅಪ್ಪಂದು ಅಕ್ಕಾ. ಯಾರೋ ಗೊತ್ತಿಲ್ಲದೋರು ಫೋನ್ ಮಾಡಿದ್ರೆ ಸುಮ್ನಿರ್ತಿದ್ರಾ?"

ಮರುವರ್ಷ ಅದೇ ಆಟ ಬೇರೆ ಹೆಸರಿನಲ್ಲಿ ಬಂದಾಗ ಹುಡುಕಿದ. ಒಬ್ಬ ಸಿಕ್ಕ. ಇನ್ನಿಬ್ಬರು ಸಿಗಲಿಲ್ಲ. ನಡುವೆ ಎರಡನೆಯ ಅಲೆ ಹಾದುಹೋಗಿತ್ತು. ಅವನು ಆ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಸಲ ಯುಗಾದಿಗೆ ಊರಿಗೆ ಹೋದಾಗ ನೋಟ್‌ಬುಕ್ ತೆಗೆದುಕೊಂಡು ಅವನ ಮುಂದೆ ಕೂತೆ. ಇದೇನಕ್ಕಾ, ಇಂಟರ್‌ವ್ಯೂನಾ ಅಂತ ನಕ್ಕ. ಆಮೇಲೆ ಎರಡು ತಾಸು ಮಾತಾಡಿದ. ಆ ಇಬ್ಬರ ಆಟದ ಹೆಸರು ಅಕ್ಷರ ತಪ್ಪದೆ ಬರೆಸಿದ, ಮಧ್ಯೆ ಬರುವ ಅಡಿಗೆರೆ ಸಮೇತ. ಒಬ್ಬ ಬೀಳುವ ಮೊದಲು ಮರಾಠಿಯಲ್ಲಿ ಕೂಗುತ್ತಿದ್ದ. ಇನ್ನೊಬ್ಬ ಮಾತು ಕಡಿಮೆ, ಗಾಯವಾದವರ ಬಳಿಗೆ ಮೊದಲು ಓಡಿಬರುತ್ತಿದ್ದವನು ಅವನೇ. ಅವನ ಮೈಕಿನಲ್ಲಿ ಹಿಂದೆ ಕುಕ್ಕರ್ ಕೂಗುವುದು ದಿನಾ ಕೇಳಿಸುತ್ತಿತ್ತಂತೆ.

"ಎಷ್ಟು ಹೊತ್ತಿಗೆ?" ಅಂದೆ.

ಸ್ವಲ್ಪ ಯೋಚಿಸಿದ. "ಎಂಟೂವರೆ. ಮೂರು ಸಲ."

ಬರೆದುಕೊಂಡೆ.